ರಾಜಧಾನಿಯ ಪ್ರಶ್ನೆ

ಏಕೀಕರಣವಾದ ವರ್ಷ ನಾನು ಗದಗಿನ ಒಂದು ಪ್ರಾಥಮಿಕ ಶಾಲೆಯಲ್ಲಿ ಮಾಸ್ತರನಾಗಿದ್ದೆ. ದೀಪಾವಳಿಯ ಹೊತ್ತಿಗೆ ನಾವು ಮುಂಬಯಿ ರಾಜ್ಯ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ್ದೆವು. ಸಂಕ್ರಾಂತಿ ಮುಗಿಯುತ್ತಿದ್ದಂತೆ ಶಿಕ್ಷಣ ಖಾತೆಯಿಂದ ನನಗೊಂದು ಕಾಗದ ಬಂತು. ನಾಲ್ಕನೆಯ ಇಯತ್ತೆಯ, ಅಂದರೆ ನಾಲ್ಕನೆಯ ತರಗತಿಯ, ವಾರ್ಷಿಕ ಪರೀಕ್ಷೆಗೆ ಸುತ್ತಲಿನ ಶಾಲೆಗಳಿಗೆಲ್ಲ ಒಂದೇ ಪ್ರಶ್ನೆಪತ್ರಿಕೆ ಇರತಕ್ಕದ್ದು, ಅದನ್ನು ತಯಾರಿಸಿ ಪರಿಶೀಲಿಸುವ ಮೂವರಲ್ಲಿ ನಾನೂ ಒಬ್ಬ. ಆ ಕಾಗದವನ್ನು ಎರಡು ದಿನ ಅಂಗಿಯ ಕಿಸೆಯಲ್ಲೇ ಇಟ್ಟುಕೊಂಡು ತಿರುಗಿದೆ.

ಉಳಿದಿಬ್ಬರಲ್ಲಿ ಒಬ್ಬರು ಲಕ್ಷ್ಮೇಶ್ವರದ ಹಿರಿಯ ಮಾಸ್ತರರು. ಊರು ಸಂಸ್ಥಾನದ ಆಡಳಿತದಲ್ಲಿದ್ದ ಕಾಲದಿಂದಲೂ ಪಾಠ ಹೇಳುತ್ತ ಬಂದವರು, ನಿವೃತ್ತಿಗೆ ಇನ್ನೊಂದು ವರ್ಷವಿತ್ತು. ಇನ್ನೊಬ್ಬರು ಮುಂಡರಗಿಯ ಹೆಣ್ಣುಮಕ್ಕಳ ಶಾಲೆಯ ಮುಖ್ಯ ಅಕ್ಕೋರು. ಮಾತು ಕಡಿಮೆ, ಬೆಳಗಿನ ಬಸ್ಸಿಗೆ ಬಂದು, ಬುತ್ತಿಯ ಗಂಟನ್ನು ಕಿಟಕಿಯಲ್ಲಿಟ್ಟು, ಸೀದಾ ಕೆಲಸಕ್ಕೆ ಕೂಡುವವರು.

ರವಿವಾರಕ್ಕೊಮ್ಮೆ ನಮ್ಮ ಶಾಲೆಯ ಖಾಲಿ ಕೋಣೆಯಲ್ಲಿ ಸೇರುತ್ತಿದ್ದೆವು. ಪ್ರಶ್ನೆ ಬರೆಯುವುದು ಅರ್ಧ ದಿನದ ಕೆಲಸವೆಂದು ನಾನು ತಿಳಿದಿದ್ದೆ. ಮೊದಲ ರವಿವಾರ ಸಂಜೆಯ ತನಕ ಕೂತರೂ ನಾಲ್ಕು ಪ್ರಶ್ನೆ ದಾಟಲಿಲ್ಲ. ಹಿರಿಯರದೊಂದು ಪದ್ಧತಿಯಿತ್ತು. ಗೋಡೆಗೆ ಒರಗಿ ಕಣ್ಣು ಮುಚ್ಚಿ, "ನಾ ಈಗ ದಡ್ಡ ಹುಡುಗ ಆಗತೀನಿ. ಓದು ತಮ್ಮಾ," ಅನ್ನುತ್ತಿದ್ದರು.

ನಾನು ಓದುತ್ತಿದ್ದೆ: "ಕೆಳಗಿನವುಗಳಲ್ಲಿ ಯಾವುದು ನದಿಯಲ್ಲ?"

"ತುಂಗಭದ್ರಾ!"

"ನದಿಯಲ್ಲ ಅಂತ ಕೇಳೇತ್ರಿ."

"ಹುಡುಗ ಅಲ್ಲೀತನಕ ಓದೂದಿಲ್ಲೋ. ನದಿ ಅಂದಕೂಡ್ಲೆ ಬರದುಬಿಡತಾನ. ಅವಗ ನದಿ ಗೊತ್ತೈತಿ, ಮಾರ್ಕು ಹೋತು. ತಪ್ಪು ಯಾರದು?"

ತಿದ್ದಿ ಬರೆಯುತ್ತಿದ್ದೆ. ಮತ್ತೆ ಓದು, ಮತ್ತೆ ದಡ್ಡ ಹುಡುಗ, ಮತ್ತೆ ತಿದ್ದು. ಗಣಿತದಲ್ಲಿ ನಾನು ಹೆಮ್ಮೆಯಿಂದ ಒಂದು ರೈಲು ಓಡಿಸಿದ್ದೆ. ಅಕ್ಕೋರು ಪೆನ್ಸಿಲ್ ಕೆಳಗಿಟ್ಟು, "ನಮ್ಮ ಹುಡಿಗ್ಯಾರು ರೈಲು ನೋಡಿಲ್ರಿ ಮಾಸ್ತರ," ಅಂದರು.

"ಲೆಕ್ಕ ಮಾಡಾಕ ರೈಲು ನೋಡಿರಬೇಕೇನ್ರಿ?"

"ಬ್ಯಾಡ್ರಿ. ಆದ್ರ ಅವರು ಮೊದಲು ರೈಲು ಹೆಂಗಿರತೈತಿ ಅಂತ ವಿಚಾರ ಮಾಡ್ಕೋತ ಕೂಡ್ತಾರ. ಅಷ್ಟರಾಗ ಗಂಟಿ ಹೊಡಿತೈತಿ."

ರೈಲು ಹೋಗಿ ಎತ್ತಿನ ಚಕ್ಕಡಿ ಬಂತು. ಹೀಗೆ ವಾರಗಳು ಸವೆದವು. ಒಂದೇ ವಾಕ್ಯವನ್ನು ಇಪ್ಪತ್ತು ಸಲ ಓದಿದರೆ ಅದರ ಅರ್ಥವೇ ಉದುರಿಹೋಗುತ್ತದೆ. ಮನೆಗೆ ಹೋದರೆ ಹೆಂಡತಿ "ಊಟಾ ಮಾಡ್ತೀರೇನು?" ಅಂದದ್ದು ಕೂಡ ಸರಿಯಾದ ಪ್ರಶ್ನೆಯೋ ಅಲ್ಲವೋ ಎಂದು ತೂಗುವಷ್ಟು ದಣಿದಿರುತ್ತಿದ್ದೆ.

ಭೂಗೋಳದ ಪತ್ರಿಕೆಯಲ್ಲಿ ನಾನು ಬರೆದ ಒಂದು ಪ್ರಶ್ನೆ ಇತ್ತು: ನಮ್ಮ ರಾಜ್ಯದ ರಾಜಧಾನಿ ಯಾವುದು?

ಹಿರಿಯರು ಈ ಸಲ ಕಣ್ಣು ಮುಚ್ಚಲಿಲ್ಲ. "ಇದನ್ನ ಬಿಡು ತಮ್ಮಾ. ನಾ ಈ ಪ್ರಶ್ನಿಗೆ ಮೂರು ಉತ್ತರ ಕಲಿಸೀನಿ. ಮೊದಲ ಸಂಸ್ಥಾನದ್ದು, ಆಮ್ಯಾಲ ಮುಂಬಯಿ, ಈಗ ಬೆಂಗಳೂರು. ನನಗ ಬಾಯಿ ತಪ್ಪತೈತಿ, ಕೂಸುಗಳದೇನು?"

ನನಗೆ ಸಿಟ್ಟು ಬಂತು. ಏಕೀಕರಣಕ್ಕಾಗಿ ಮೆರವಣಿಗೆಯಲ್ಲಿ ನಡೆದವನು ನಾನು. ಗಂಟಲು ಬೀಳುವ ಹಾಗೆ ಕೂಗಿದವನು. "ಇಷ್ಟು ವರ್ಷ ಕಾದು ನಮ್ಮ ರಾಜ್ಯ ಬಂದೈತಿ. ಅದರ ರಾಜಧಾನಿ ನಮ್ಮ ಮಕ್ಕಳಿಗೆ ಗೊತ್ತಿರಬೇಕ್ರಿ," ಅಂದೆ.

"ಗೊತ್ತಿರಬೇಕು ಅನ್ನೂದು ಖರೆ," ಅಂದರು ಅಕ್ಕೋರು. "ನಾವು ಕಲಿಸೀವೇನ್ರಿ? ಪುಸ್ತಕದಾಗ ಇನ್ನೂ ಮುಂಬಯಿ ಅಂತನ ಐತಿ. ಹೊಸಾ ಪುಸ್ತಕ ಎಲ್ಲೆ ಬಂದಾವು?"

ಮಾಸ್ತರರು ಬಾಯಿಂದ ಹೇಳಿರುತ್ತಾರೆ ಎಂದು ನಾನು ವಾದಿಸಿದೆ. ಎಲ್ಲರೂ ಹೇಳಿರುತ್ತಾರೆಯೇ ಎಂದು ಅಕ್ಕೋರು ಕೇಳಿದರು. ಕೊನೆಗೆ ಹಿರಿಯರು ಕೈಚೆಲ್ಲಿದರು. "ಆತು, ಬರಕೋ. ನನಗೂ ಸಾಕಾತು." ಅಕ್ಕೋರು ಒಪ್ಪಲೂ ಇಲ್ಲ, ಮತ್ತೆ ವಿರೋಧಿಸಲೂ ಇಲ್ಲ. ಪ್ರಶ್ನೆ ಉಳಿಯಿತು. ಉತ್ತರದ ಯಾದಿಯಲ್ಲಿ ನಾನೇ ಸ್ವಂತ ಕೈಯಿಂದ ಬರೆದೆ: ಬೆಂಗಳೂರು. ಬೇರೆ ಉತ್ತರಕ್ಕೆ ಮಾರ್ಕು ಇಲ್ಲ.

ಬಿಸಿಲು ಏರಿದ ದಿನಗಳಲ್ಲಿ ಪರೀಕ್ಷೆಯಾಗಿ, ಉತ್ತರಪತ್ರಿಕೆಗಳ ಕಟ್ಟುಗಳು ಬಂದವು. ಭೂಗೋಳ ತಿದ್ದುವುದು ನನ್ನ ಪಾಲಿಗೆ ಬಂದಿತ್ತು. ಗದಗ-ಬೆಟಗೇರಿಯ ಹುಡುಗರು ಬಹುಮಟ್ಟಿಗೆ ಬೆಂಗಳೂರು ಎಂದೇ ಬರೆದಿದ್ದರು. ಆಮೇಲೆ ಅಸುಂಡಿಯ ಕಟ್ಟು ಬಿಚ್ಚಿದೆ. ಮುಂಬಯಿ. ಶಿಗ್ಲಿಯದು ಬಿಚ್ಚಿದೆ. ಮುಂಬಯಿ, ಮುಂಬಯಿ. ಶಿರಹಟ್ಟಿಯ ಕಡೆಯ ಒಬ್ಬ ಹುಡುಗ ಹಳೆಯ ಸಂಸ್ಥಾನದ ರಾಜಧಾನಿಯನ್ನೇ ಬರೆದಿದ್ದ. ಮನೆಯಲ್ಲಿ ಅಜ್ಜ ಹೇಳಿಕೊಟ್ಟಿದ್ದಿರಬೇಕು. ಕೆಂಪು ಶಾಯಿಯಿಂದ ಗೀಟು ಹೊಡೆಯುತ್ತ ಹೋದೆ. ಮಧ್ಯಾಹ್ನದ ಹೊತ್ತಿಗೆ ಹೆಬ್ಬೆರಳು ನೋಯತೊಡಗಿತು.

ಮುಂಡರಗಿಯ ಕಟ್ಟಿನಲ್ಲಿ ಒಂದು ಪತ್ರಿಕೆ. ಹೆಸರಿಲ್ಲ, ನಂಬರು ಮಾತ್ರ. ದುಂಡಗಿನ ಅಕ್ಷರದಲ್ಲಿ ಹೀಗೆ ಬರೆದಿತ್ತು: "ಮೊದಲು ಮುಂಬಯಿ ಇತ್ತು. ಈಗ ಬದಲಾಗಿದೆ ಎಂದು ಅಪ್ಪ ಹೇಳಿದನು. ಹೊಸದು ನಮಗೆ ಇನ್ನೂ ಕಲಿಸಿಲ್ಲ."

ಇನ್ನೊಮ್ಮೆ ಓದಿದೆ. ಇಡೀ ರಾಶಿಯಲ್ಲಿ ಇದಕ್ಕಿಂತ ಸತ್ಯವಾದ ಉತ್ತರ ಇರಲಿಲ್ಲ. ಆದರೆ ಯಾದಿಯಲ್ಲಿ ಬೆಂಗಳೂರು ಎಂದಿತ್ತು, ಯಾದಿ ಬರೆದವನು ನಾನೇ ಆಗಿದ್ದೆ. ಇದೊಂದಕ್ಕೆ ಕೊಟ್ಟರೆ ಉಳಿದವರಿಗೆ ಏನು ಹೇಳುವುದು? ಇನ್ನೂ ಎರಡು ಕಟ್ಟು ಬಾಕಿ ಇದ್ದವು. ಸೊನ್ನೆ ಹಾಕಿ ಹಾಳೆ ಮಗುಚಿದೆ.

ಫಲಿತಾಂಶ ಬಂದ ಮೇಲೆ ಅಕ್ಕೋರಿಂದ ಒಂದು ಕಾರ್ಡು ಬಂತು. ಅವರ ಶಾಲೆಯ ಒಬ್ಬ ಹುಡುಗಿ ಭೂಗೋಳದಲ್ಲಿ ಒಂದೇ ಮಾರ್ಕಿನಿಂದ ನಾಪಾಸಾಗಿದ್ದಾಳೆ, ತಂದೆ ಶಾಲೆ ಬಿಡಿಸುತ್ತೇನೆ ಅನ್ನುತ್ತಿದ್ದಾನೆ, ಆಗುವುದಾದರೆ ಒಮ್ಮೆ ಬನ್ನಿ. ಕೆಳಗೆ ಆಕೆಯ ನಂಬರು ಬರೆದಿದ್ದರು. ಯಾವ ಹುಡುಗಿ ಎಂದು ನನಗೆ ಆಗಲೇ ತಿಳಿಯಿತು.

ಮೊದಲು ಗದಗಿನ ಶಿಕ್ಷಣ ಖಾತೆಯ ಕಚೇರಿಗೆ ಹೋಗಿ, ಆ ಪ್ರಶ್ನೆಗೆ ಎಲ್ಲರಿಗೂ ಮಾರ್ಕು ಕೊಡಬೇಕೆಂದು ಅರ್ಜಿ ಕೊಟ್ಟೆ. ಸಾಹೇಬರು ಓದಿ, "ಪ್ರಶ್ನೆ ತೆಗೆದವರು ಯಾರು?" ಎಂದು ಕೇಳಿದರು. ನಾನೇ ಎಂದೆ. ಅವರು ಅರ್ಜಿಯನ್ನು ಮಡಚಿ ಕಡತದಲ್ಲಿಟ್ಟರು. ಫಲಿತಾಂಶ ಬೋರ್ಡಿಗೆ ಹಚ್ಚಿಯಾಗಿದೆ, ಮುಂದಿನ ವರ್ಷ ನೋಡೋಣ ಅಂದರು.

ಮುಂಡರಗಿಗೆ ಹೋಗಿ, ಅಕ್ಕೋರನ್ನು ಕರೆದುಕೊಂಡು ಆ ಮನೆಗೆ ಹೋದೆ. ಆ ಹುಡುಗಿಯ ತಂದೆ ಅರಳೆ ಹಿಂಜಿ ಗಾದಿ ತುಂಬುವವನು. ಮೈಮೇಲೆಲ್ಲ ಅರಳೆಯ ಎಳೆ ಹತ್ತಿಸಿಕೊಂಡೇ ಎದ್ದು ಬಂದು, "ಕುಂಡ್ರಿ ಸಾಹೇಬ್ರ," ಅಂದ. ಹುಡುಗಿ ಬಾಗಿಲ ಹಿಂದೆ ನಿಂತಿದ್ದಳು. ಅಕ್ಕೋರು ಎಲ್ಲವನ್ನೂ ಬಿಡಿಸಿ ಹೇಳಿದರು.

ಆತ ನನ್ನತ್ತ ತಿರುಗಿದ. "ಆಕಿ ಬರದಿದ್ದು ಸುಳ್ಳೇನ್ರಿ?"

"ಅಲ್ಲ. ಖರೆನ ಬರದಾಳ."

"ಮತ್ತ ನಾಪಾಸ ಹೆಂಗಾದ್ಲು?"

ತಪ್ಪು ನನ್ನದು, ಹುಡುಗಿಯದಲ್ಲ ಎಂದಷ್ಟೇ ಹೇಳಿದೆ. ಆತ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ನನಗೆ ಹಗುರವಾಗುತ್ತಿತ್ತು. ಅಕ್ಕೋರು ಹುಡುಗಿಯನ್ನು ಹೊರಗೆ ಕರೆದು, "ಸಾಲಿ ಸುರು ಆದ ದಿನ ಬಂದು ಐದನೇ ಇಯತ್ತ್ಯಾಗ ಕುಂಡ್ರು. ಹಾಜರಿಯೊಳಗ ಹೆಸರು ನಾ ಬರೀತೀನಿ," ಅಂದರು.

ನಾನು ಗಾಬರಿಯಾದೆ. "ಅಕ್ಕೋರ, ಯಾರರೆ ಕೇಳಿದ್ರ?"

"ಕೇಳಿದ್ರ ಹೇಳತೀನ್ರಿ. ನೌಕರಿ ಹೋದ್ರ ಹೋಗ್ಲಿ."

ಯಾರೂ ಕೇಳಲಿಲ್ಲ. ಆ ವರ್ಷ ಕಚೇರಿಗಳೇ ಒಂದು ಊರಿನಿಂದ ಇನ್ನೊಂದು ಊರಿಗೆ ಕಡತ ಸಾಗಿಸುವುದರಲ್ಲಿ ಮುಳುಗಿದ್ದವು. ಹುಡುಗಿ ಏಳನೆಯ ಇಯತ್ತೆಯ ತನಕ ಓದಿದಳೆಂದು ಅಕ್ಕೋರು ತಿಳಿಸಿದ್ದರು. ಮುಂದಿನದು ನನಗೆ ಗೊತ್ತಿಲ್ಲ.

ನನ್ನನ್ನು ಮರುವರ್ಷವೂ ಪ್ರಶ್ನೆ ತೆಗೆಯಲು ಕರೆದರು, ಅದರ ಮರುವರ್ಷವೂ. ಬೇಡವೆನ್ನುವ ಧೈರ್ಯವಾಗಲಿಲ್ಲ, ಹೋಗುವ ಉಮೇದೂ ಉಳಿದಿರಲಿಲ್ಲ. ಹೊಸಬರು ತಮ್ಮ ಪ್ರಶ್ನೆಗಾಗಿ ಹಟ ಹಿಡಿದಾಗ ನಾನು ಒಂದೇ ಮಾತು ಕೇಳುತ್ತಿದ್ದೆ: ಕಲಿಸೀರೇನು? ಕೆಲವರು ಪ್ರಶ್ನೆಯನ್ನು ಅಳಿಸುತ್ತಿದ್ದರು. ಕೆಲವರು ವಾದಕ್ಕಿಳಿಯುತ್ತಿದ್ದರು, ಆಗ ನಾನು ಹೆಚ್ಚು ಹೊತ್ತು ವಾದಿಸುತ್ತಿರಲಿಲ್ಲ.