ಎರಡು ಹಿತ್ತಲುಗಳ ಬಂದಳಿಕೆ

ಬೆಳಗಾವಿಯ ಹಿಂದವಾಡಿಯಲ್ಲಿರುವ ನಮ್ಮ ಮನೆಯ ಹಿತ್ತಲಿನಲ್ಲಿ ಒಂದು ಮಾವಿನ ಮರವಿದೆ. ಕೆಲವು ವರ್ಷಗಳ ಹಿಂದೆ ಅದರ ಟೊಂಗೆಗಳಲ್ಲಿ ಅಲ್ಲಲ್ಲಿ ಬೇರೆಯೇ ಬಗೆಯ ದಪ್ಪ ಎಲೆಗಳು ಗುಂಪುಗಟ್ಟಿ, ಕೊಳವೆಯಂಥ ಕೆಂಪು ಹೂ ಬಿಟ್ಟಿದ್ದವು. ಪುಟ್ಟ ಹಕ್ಕಿಗಳು ಬಂದು ಮುತ್ತುತ್ತಿದ್ದವು. ಬೆಳಗಿನ ಚಹಾ ಹಿಡಿದು ನಾನು ಅದನ್ನೇ ನೋಡುತ್ತ ನಿಲ್ಲುತ್ತಿದ್ದೆ. ಮಾವಿನಕಾಯಿ ಮಾತ್ರ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿತ್ತು.

ಖಾನಾಪುರ ತಾಲ್ಲೂಕಿನ ಪಾರಿಶ್ವಾಡದಲ್ಲಿ ಒಕ್ಕಲುತನ ಮಾಡುವ ನನ್ನ ಸೋದರಮಾವ ಕಣ್ಣು ತೋರಿಸಲು ಬೆಳಗಾವಿಗೆ ಬಂದವರು, ಹಿತ್ತಲಿಗೆ ಹೋಗಿ ಕತ್ತೆತ್ತಿ ನಿಂತುಬಿಟ್ಟರು.

“ಇದು ಬಂದಳಿಕಿ, ಯವ್ವಾ. ಟೊಂಗಿಯೊಳಗ ಬೇರು ಬಿಟ್ಟು ಗಿಡದ ರಸಾ ಕುಡೀತೈತಿ. ಅದು ಹಣ್ಣಾಗೂದರಾಗ ಕಡೀಬೇಕು.”

“ಹಂಗಾರ ಕಡೀರಿ ಮಾಮಾ.”

ಅವರು ಗೋಡೆಯಾಚೆ ಕೈ ತೋರಿಸಿದರು. ಪಕ್ಕದ ಮನೆಯ ಚಿಕ್ಕು ಮರದಲ್ಲೂ ಅದೇ ಇತ್ತು. “ನಿಂದಷ್ಟ ಕಡದ್ರ ಉಪಯೋಗಿಲ್ಲ. ಅಲ್ಲಿ ಬಂದಳಿಕಿ ಹಣ್ಣು ತಿಂದ ಹಕ್ಕಿ ಇಲ್ಲಿ ಬಂದು ಬೀಜ ಅಂಟಸ್ತಾವ. ಅವರಿಗೂ ಹೇಳು.”

ಹೇಳುವುದೇ ಕಷ್ಟವಿತ್ತು. ನಮ್ಮ ಮರದ ಎಲೆ ಅವರ ಅಂಗಳಕ್ಕೆ ಬೀಳುವ ವಿಷಯಕ್ಕೆ ಜಗಳವಾಗಿ, ಆ ಮನೆಯ ಮರಾಠಿ ಹಿರಿಯರಿಗೂ ನನಗೂ ನಾಲ್ಕು ವರ್ಷಗಳಿಂದ ಮಾತಿರಲಿಲ್ಲ. ಆ ದಿನ ಒಂದು ಮಾತು ಹೆಚ್ಚು ಆಡಿದವಳು ನಾನೇ.

ಎರಡು ದಿನ ಹಿಂದೆಮುಂದೆ ನೋಡಿ ಅವರ ಗೇಟು ತೆರೆದೆ.

“ಏನಾತ್ರಿ ಈಗ?” ಎಂದರು, ಪೇಪರ್ ಕೆಳಗಿಳಿಸದೆ.

“ಕಾಕಾ, ನಮ್ಮ ಮಾವಿಗೂ ನಿಮ್ಮ ಚಿಕ್ಕೂಗೂ ಬಂದಳಿಕಿ ಹತ್ತೈತ್ರಿ. ಎರಡೂ ಕಡೆ ಕಡೀಬೇಕಂತ.”

ಎದ್ದು ಬಂದು ಮರವನ್ನು ಬಹಳ ಹೊತ್ತು ನೋಡಿದರು. “ಖರೇ ಹೇಳ್ತೀನಿ, ಏನೋ ಛಲೋ ಹೂವು ಬಿಟ್ಟೈತಿ ಅಂತ ನಾ ದಿನಾ ದೇವರಿಗೆ ಏರಸಾಕತ್ತಿದ್ದೆ.”

ನನಗೆ ನಗು ತಡೆಯಲಾಗಲಿಲ್ಲ. ಅವರೂ ನಕ್ಕರು.

ಭಾನುವಾರ ಮಾವ ಗರಗಸದೊಂದಿಗೆ ಬಂದರು. ಮೊದಲು ಅವರ ಚಿಕ್ಕುವಿಗೆ, ಆಮೇಲೆ ನಮ್ಮ ಮಾವಿಗೆ ಕಾಕಾನೂ ನಾನೂ ಏಣಿ ಹಿಡಿದೆವು. ಬಂದಳಿಕೆ ಕಚ್ಚಿದಲ್ಲೆಲ್ಲ ಟೊಂಗೆ ಗಂಟಾಗಿ ಊದಿತ್ತು. ಒಳಗೆ ಬೇರು ಉಳಿಯದಿರಲೆಂದು ಮಾವ ಅದಕ್ಕಿಂತ ಒಂದು ಮೊಳ ಕೆಳಗೆ ಕೊಯ್ಯುತ್ತ ಹೋದರು. ಕೊಯ್ದಲ್ಲಿಗೆ ಸುಣ್ಣ, ಮೈಲುತುತ್ತ ಕಲಸಿ ಹಚ್ಚಿದರು.

“ಅವತ್ತ ನಾ ಭಾಳ ಮಾತಾಡಿದ್ನಿ, ಕಾಕಾ,” ಎಂದೆ ಮೆಲ್ಲಗೆ.

“ಏಣಿ ಗಟ್ಟಿ ಹಿಡೀರಿ,” ಎಂದರು ಅವರು. ಸ್ವಲ್ಪ ಹೊತ್ತಿಗೆ, “ನಾನೇನು ಕಡಿಮಿ ಮಾತಾಡಿದ್ನೇನು?” ಎಂದರು.

ಸಂಜೆಗೆ ಮಾವು ಅರ್ಧವಾಗಿತ್ತು. ಮರುವರ್ಷ ಒಂದು ಕಾಯಿಯೂ ಬಿಡಲಿಲ್ಲ. ಅದರ ಮುಂದಿನ ವರ್ಷ ಎರಡು ಬುಟ್ಟಿ ಸಿಕ್ಕವು. ಒಂದನ್ನು ಪಾರಿಶ್ವಾಡಕ್ಕೆ ಕಳಿಸಿದೆ.

ಈಗಲೂ ಮಳೆ ಮುಗಿದ ಮೇಲೆ ಒಂದೆರಡು ಎಳೆ ಬಂದಳಿಕೆ ಏಳುತ್ತವೆ. ನನಗಿಂತ ಮೊದಲು ಅವನ್ನು ಕಾಣುವವರು ಕಾಕಾ. ಗೋಡೆಯ ಬಾಜು ನಿಂತು, ಕೈಯಲ್ಲಿದ್ದ ಕೋಲಿನಿಂದ ಟೊಂಗೆ ತೋರಿಸಿ, “ಅಲ್ಲೊಂದು ಐತಿ ನೋಡ್ರಿ,” ಎನ್ನುತ್ತಾರೆ.