ದಾದಿ ಹೊಗಳಿದರೆ

ಉರ್ದು ಎಷ್ಟು ಸಿಹಿ ಭಾಷೆಯೆಂದರೆ ಅದರಲ್ಲಿ ಬೈದರೂ ಹೊಗಳಿದಂತೆಯೇ ಕೇಳುತ್ತದೆ ಎನ್ನುವವರನ್ನು ಬಹಳ ನೋಡಿದ್ದೇನೆ. ಹೀಗೆ ಹೇಳುವ ಹೆಚ್ಚಿನವರಿಗೆ ಉರ್ದು ಬರುವುದಿಲ್ಲ. ಒಪ್ಪಿಗೆಯೂ ವಿರೋಧವೂ ಒಂದೇ ತರಹ ಕೇಳುವುದಾದರೆ ಆ ಭಾಷೆಯಲ್ಲಿ ಜನ ಸಂಸಾರ ಮಾಡುವುದು ಹೇಗೆ?

ಚರ್ಚಾ ಸ್ಪರ್ಧೆಗಳಲ್ಲಿ ನನ್ನ ಜೊತೆಗಾತಿಯಾಗಿದ್ದ ಗೆಳತಿಯ ಮನೆ ಬಂಟ್ವಾಳ ಪೇಟೆಯಲ್ಲಿ. ಮನೆಮಾತು ಉರ್ದು. ಅವಳು ಕಾನೂನು ಓದಿನ ಕೊನೆಯ ವರ್ಷದಲ್ಲಿದ್ದಾಗ ಮೂಡುಬಿದಿರೆಯಿಂದ ಒಂದು ಸಂಬಂಧ ಬಂತು. ಹುಡುಗ ದುಬೈಯಲ್ಲಿ, ಒಳ್ಳೆಯವನೇ. ಒಂದೇ ಷರತ್ತು: ಮದುವೆಯ ನಂತರ ಅವಳು ಕೋರ್ಟಿಗೆ ಹೋಗುವ ಹಾಗಿಲ್ಲ. ಅವಳ ಅಬ್ಬಾ ತೀರ್ಮಾನವನ್ನು ತಮ್ಮ ತಾಯಿಗೆ, ಅಂದರೆ ಅವಳ ದಾದಿಗೆ, ಬಿಟ್ಟುಬಿಟ್ಟರು.

ಹುಡುಗನ ದೊಡ್ಡಪ್ಪ ಮಾತಿಗೆ ಬಂದ ಮಧ್ಯಾಹ್ನ ನಾವಿಬ್ಬರೂ ಪರದೆಯ ಒಳಗೆ ಕೂತಿದ್ದೆವು. ಮುಖ ಕಾಣುವುದಿಲ್ಲ, ದನಿ ಮಾತ್ರ. ಶಾಲೆಯ ಹಿಂದಿಯ ಬಲದಿಂದ ನನಗೆ ಮಾತು ಅರ್ಥವಾಗುತ್ತಿತ್ತು.

"ಬಹುತ್ ಅಚ್ಛೇ ಲೋಗಾಂ," ಎಂದರು ದಾದಿ. ತುಂಬ ಒಳ್ಳೆಯ ಜನ. ಮನೆತನ ಒಳ್ಳೆಯದು, ಹುಡುಗನ ಕೆಲಸ ಒಳ್ಳೆಯದು. ಷರತ್ತಿನ ವಿಷಯ ಬಂದಾಗಲೂ "ಹೌ, ಠೀಕ್ ಹೈ" ಎಂದರು.

"ಹೋಯ್ತು ಮಾರಾಯ್ತಿ ನಿನ್ನ ಕರಿಕೋಟು," ನಾನು ಪಿಸುಗುಟ್ಟಿದೆ. "ದಾದಿ ಪೂರ್ತಿ ಪರ."

"ಪರವಾ? ಕಿವಿ ಉಂಟಾ ನಿಂಗೆ? ಅವರು ಬೇಡ ಅಂತಿದ್ದಾರೆ."

"ಎಲ್ಲಿ ಹೇಳಿದ್ರು ಬೇಡ ಅಂತ?"

"ಸಂಬಂಧ ಬೇಕು ಅಂತಾದ್ರೆ ದಾದಿ ಜಗಳ ಮಾಡ್ತಾರೆ. ಅಕ್ಕನನ್ನು ಈಗ ಕೊಟ್ಟಿರುವ ಕಕ್ಕಿಂಜೆಯ ಸಂಬಂಧ ಬಂದಾಗ ಎಂಥ ತಕರಾರು! ಹುಡುಗ ಸಪೂರ, ಮನೆ ದೂರ, ಬಿರಿಯಾನಿಗೆ ಕೋಳಿ ಆಗ್ಲಿಕ್ಕಿಲ್ಲ, ಕುರಿಯೇ ಆಗ್ಬೇಕು. ತಮ್ಮವರಾಗುವವರ ಹುಳುಕು ಮಾತ್ರ ಅವರು ಹುಡುಕುದು. ಹೊಗಳುದು ನೆಂಟರನ್ನು ಕಳಿಸ್ಲಿಕ್ಕೆ."

ಮತ್ತೆ ಕಿವಿಗೊಟ್ಟೆ. ಹೌದಲ್ಲ! ನನ್ನನ್ನು ಬೈಯುವಾಗ ಒಂದರ ಮೇಲೊಂದು ಬೀಳುವ ಅವರ ಮಾತು ಅಂದು ಒಂದೊಂದಾಗಿ, ಪೂರ್ತಿ ಮುಗಿದು, ಸಾವಕಾಶವಾಗಿ ಬರುತ್ತಿತ್ತು. ಎಲ್ಲವೂ ನಯ, ಹಿಡಿದುಕೊಳ್ಳಲು ಒಂದು ಅಂಚೂ ಇಲ್ಲ. ಆಚೆ ಕಪ್ಪನ್ನು ಬಸಿಯ ಮೇಲಿಟ್ಟ ಸದ್ದಾಯಿತು. ದೊಡ್ಡಪ್ಪ ಮಾತು ಬದಲಿಸಿ, ಪುಂಜಾಲಕಟ್ಟೆ ಕಡೆಯ ರಸ್ತೆ ಕೆಲಸ ಮುಗಿಯಿತೇ ಎಂದು ವಿಚಾರಿಸಿದರು. ಆ 'ಬೇಡ' ಅವರಿಗೂ ಕೇಳಿಸಿತ್ತು! ದಾದಿ ಕೂಡಲೇ ಆ ರಸ್ತೆಯನ್ನು ಬೈಯತೊಡಗಿದರು, ತಮ್ಮ ಎಂದಿನ ದನಿಯಲ್ಲಿ.

ಎದುರಾಳಿಯ ವಾದವನ್ನು ಚಿಂದಿ ಮಾಡಿದ್ದಕ್ಕೆ ನನಗೆ ಬಹುಮಾನಗಳು ಬಂದಿವೆ. ಇಲ್ಲಿ ಎದುರಾಳಿ ಇನ್ನೊಂದು ಕಪ್ ಚಹಾ ಕೇಳಿ ಕುಡಿದು, ನಗುತ್ತ ಸಲಾಮ್ ಹೇಳಿ ಹೋದರು. ಇಷ್ಟು ದೊಡ್ಡ ನಿರಾಕರಣೆಯಲ್ಲಿ ಯಾರ ಮರ್ಯಾದೆಗೂ ಗೀರು ಬಿದ್ದಿರಲಿಲ್ಲ.

ಆಮೇಲೆ ದಾದಿ ಅವಳನ್ನು ಹತ್ತಿರ ಕರೆದು ಕೇಳಿದರು: "ಖುಷ್ ಹೈ ನಾ?"

"ಹೌ ದಾದಿ. ಬಹುತ್ ಖುಷ್," ಎಂದಳು ಅವಳು. ನಿಧಾನವಾಗಿ, ಸ್ಪಷ್ಟವಾಗಿ, ಒಂದು ತಕರಾರೂ ಇಲ್ಲದೆ.

ದಾದಿ ಅವಳ ಮುಖವನ್ನೇ ನೋಡುತ್ತ ಉಳಿದರು. ಅದು ದಾದಿಯದೇ ಹೊಗಳುವ ದನಿ ಎಂದು ನನಗೂ ಕೇಳಿಸಿತ್ತು. ಬೆಳ್ತಂಗಡಿ ಬಸ್ಸಿಗೆ ನನ್ನನ್ನು ಬಿಡಲು ಬಂದವಳು ದಾರಿಯುದ್ದಕ್ಕೂ ಕಾಲೇಜಿನ ಅಣಕು ಕೋರ್ಟಿನ ಸುದ್ದಿಯನ್ನೇ ಹೇಳುತ್ತಿದ್ದಳು. ಬಸ್ಸು ತಿರುವಿನಲ್ಲಿ ಕಂಡಾಗ ತಡೆಯಲಾರದೆ ಕೇಳಿದೆ:

"ಆ ಹುಡುಗ ನಿಂಗೆ ಇಷ್ಟ ಆಗಿದ್ನಾ ಮಾರಾಯ್ತಿ?"