ಕಡವಿನ ಅಜ್ಜನ ಮಡು

ಅಜ್ಜನ ಬಲಗೈಯಲ್ಲಿ ಇದ್ದದ್ದು ಹೆಬ್ಬೆರಳು ಮತ್ತು ಕಿರುಬೆರಳು ಮಾತ್ರ. ನಡುವಿನ ಮೂರು ಬೆರಳುಗಳ ಜಾಗದಲ್ಲಿ ಚರ್ಮ ಮಡಚಿಕೊಂಡು ನಯವಾಗಿ ಹೊಳೆಯುತ್ತಿತ್ತು. ಆ ಎರಡೇ ಬೆರಳಲ್ಲಿ ಅವನು ಬಿಸಿ ಚಹಾದ ಲೋಟ ಹಿಡಿಯುತ್ತಿದ್ದ, ಬೀಡಿ ಹಚ್ಚುತ್ತಿದ್ದ. ನಾನು ಅರ್ಧ ಗಂಟೆ ತಿಣುಕಿದರೂ ಕೂರದ ಗಾಳದ ಗಂಟನ್ನು ಹಲ್ಲಿನಲ್ಲಿ ಕಚ್ಚಿ ಎಳೆದು ಒಂದೇ ಸಲಕ್ಕೆ ಬಿಗಿಯುತ್ತಿದ್ದ. "ಮೇಷ್ಟ್ರೇ, ನಿಮಗೆ ಬೆರಳು ಜಾಸ್ತಿ ಅದಾವೆ. ಅದಕ್ಕೇ ದಾರ ಸಿಕ್ಕಾಗ್ತೈತೆ" ಎಂದು ನಗುತ್ತಿದ್ದ.

ಎಪ್ಪತ್ತರ ದಶಕದ ನಡುವಿನಲ್ಲಿ ಗೋವಿನಕೋವಿಯ ಹತ್ತಿರ ಹೊಳೆದಂಡೆಯ ಒಂದು ಊರಿಗೆ ನಾನು ಮೇಷ್ಟರಾಗಿ ಹೋದೆ. ನ್ಯಾಮತಿಯಲ್ಲಿ ಬಸ್ಸಿಳಿದು ಉಳಿದದ್ದನ್ನು ನಡೆಯಬೇಕಿತ್ತು. ನಾನು ಚನ್ನಗಿರಿ ಕಡೆಯವನು, ಕೆರೆ ನೋಡಿ ಬೆಳೆದವನು; ಹರಿಯುವ ನೀರಿನ ಸ್ವಭಾವ ಗೊತ್ತಿರಲಿಲ್ಲ. ಊರಿನ ಕೆಳಗೆ ದೋಣಿ ಕಟ್ಟುವ ಕಡವು, ಕಡವಿನ ಮೇಲೆ ಅಜ್ಜನ ಚಹಾದಂಗಡಿ. ಆಚೆ ದಡಕ್ಕೆ ಹೋಗುವವರೆಲ್ಲ ಅಲ್ಲಿ ಕೂತೇ ದೋಣಿಗೆ ಕಾಯಬೇಕು. ಹೆಂಡತಿ ತೀರಿಕೊಂಡು ಬಹಳ ವರ್ಷಗಳಾಗಿದ್ದ ಅಜ್ಜನಿಗೆ ಅಂಗಡಿಯೇ ಮನೆ. ಬಂದ ಹೊಸದರಲ್ಲಿ ಭಾನುವಾರ ಹೊತ್ತು ಹೋಗದೆ ಒದ್ದಾಡುತ್ತಿದ್ದ ನನ್ನ ಕೈಗೆ ಗಾಳದ ಕೋಲು ಕೊಟ್ಟವನು ಅವನೇ.

ಮಾಗಿ ಚಳಿ ಬಿದ್ದ ಮೇಲೆ ಅವನ ಪಾಠ ಬೇರೆಯಾಯಿತು. ಮೊದಲ ವರ್ಷ ನಾನು ಹುರುಪಿನಲ್ಲಿ ನಸುಕಿಗೇ ಎದ್ದು, ಕಂಬಳಿ ಹೊದ್ದು, ಮಂಜಿನಲ್ಲಿ ಹಲ್ಲು ಕಟಕಟಿಸುತ್ತ ಬಂಡೆಯ ಮೇಲೆ ಕೂತೆ. ಬಿಸಿಲೇರುವವರೆಗೂ ದಾರ ಮಿಸುಕಲಿಲ್ಲ. ಅಜ್ಜ ಅಂಗಡಿಯ ಮುಂದೆ ನಿಂತು ನೋಡಿ ನೋಡಿ ಸಾಕಾಗಿ ಇಳಿದು ಬಂದ.

"ಈ ಹೊತ್ತಿನಾಗೆ ಯಾವ ಮೀನು ಬರ್ತೈತ್ರಿ? ಅವೂ ಆಳದಾಗೆ ಮುದುರಿಕೊಂಡು ಮಲಗಿರ್ತಾವೆ. ಬಂಡೆ ಬಿಸಿ ಆಗಾಕೆ ಬಿಡ್ರಿ."

ಬಂಡೆಯ ಮೇಲೆ ಅಂಗೈ ಇಟ್ಟು ನೋಡುವುದು ಅವನ ಕ್ರಮ. ಕೈಗೆ ಬಿಸಿ ತಗಲಿದರೆ ಮಾತ್ರ ಗಾಳ ಬಿಚ್ಚುತ್ತಿದ್ದ. ಇಲ್ಲದಿದ್ದರೆ ಇನ್ನೊಂದು ಬೀಡಿ. ಚಳಿಯಲ್ಲಿ ಮೀನಿಗೆ ಹಸಿವು ಕಡಿಮೆ ಎಂದು ಗಾಳವೂ ಚಿಕ್ಕದು, ಎರೆಹುಳುವೂ ಅರ್ಧವೇ. ಮಳೆಗಾಲದಲ್ಲಿ ದಾರಕ್ಕೆ ತೇಲಲು ಕಟ್ಟುವ ದಪ್ಪ ಬೆಂಡು ತೆಗೆದು ನವಿಲುಗರಿಯ ದಂಟನ್ನು ಕಟ್ಟುತ್ತಿದ್ದ. ಮಾಗಿಯ ಮೀನು ಎಳೆದು ಓಡುವುದಿಲ್ಲ, ಜ್ವರ ಬಿಟ್ಟವರು ಗಂಜಿ ಮುಟ್ಟಿದ ಹಾಗೆ ಬಾಯಿ ತಾಗಿಸಿ ಬಿಡುತ್ತದೆ. ಆ ನಡುಕ ಕಾಣಬೇಕಾದರೆ ದಂಟೇ ಬೇಕು. ಕಂಡ ಕೂಡಲೆ ಎತ್ತಿದರೆ ಕೆಟ್ಟಿತು. ನೀರು ತಿಳಿಯಾಗಿರುವ ಕಾಲ, ನೆರಳು ಹೊಳೆಗೆ ಬೀಳದಂತೆ ಸೂರ್ಯನಿಗೆ ಮುಖ ಕೊಟ್ಟು ಕೂರಬೇಕು. ಮೂಡಗಾಳಿ ಬೀಸಿತೋ, ಕೋಲು ಸುತ್ತಿಟ್ಟು ಮನೆಗೆ ಹೋಗಬೇಕು. ಎರಡು ಮೀನು ಸಿಕ್ಕ ಮೇಲೆ ಅವನು ಎಂದೂ ಕೂತವನಲ್ಲ. ಮೂರನೆಯದಕ್ಕೆ ನಾನು ಆಸೆಪಟ್ಟರೆ, "ಹೊಟ್ಟೆ ಎಷ್ಟೈತೋ ಅಷ್ಟೇ ರೀ" ಎಂದು ನನ್ನ ಕೋಲನ್ನೂ ಎತ್ತಿಕೊಂಡು ನಡೆಯುತ್ತಿದ್ದ.

ಕಡವಿನಿಂದ ಸ್ವಲ್ಪ ಮೇಲೆ ಒಂದು ಆಳವಾದ ಮಡು. ಅದು ದೋಣಿಯವರ ಮನೆಗಳ ಪಾಲಿನದು. ದೀಪಾವಳಿ ಕಳೆದ ಮೇಲೆ ಅಲ್ಲಿಗೆ ಬಲೆ ಇಳಿಸುವಂತಿಲ್ಲ, ಗಾಳ ಮಾತ್ರ. ಯುಗಾದಿಯ ಮಾರನೆಯ ದಿನ, ಕರಿಯ ದಿನ, ಎಲ್ಲ ಮನೆಯವರೂ ಸೇರಿ ಬಲೆ ಬೀಸಿ ಸಮನಾಗಿ ಹಂಚಿಕೊಳ್ಳುತ್ತಿದ್ದರು. ಬೇಸಿಗೆ ಕಳೆಯುವವರೆಗೆ ಆ ಮೀನೇ ಅವರ ಊಟ, ಅದನ್ನು ಒಣಗಿಸಿ ಮಾರಿದ್ದೇ ಬಟ್ಟೆಬರೆ. ಚಳಿಗೆ ಹೊಳೆಯ ದೊಡ್ಡ ಮೀನುಗಳೆಲ್ಲ ಮಡುವಿನ ಒಂದು ಬಂಡೆಯ ಕೆಳಗಿನ ಪೊಟರೆಗೆ ಬಂದು ಒತ್ತೊತ್ತಾಗಿ ಸೇರುತ್ತವೆ. ಆ ಬಂಡೆ ಯಾವುದೆಂದು ದೋಣಿಯವರಿಗೂ ಸರಿಯಾಗಿ ತಿಳಿಯದು. ಅಜ್ಜನಿಗೆ ಗೊತ್ತಿತ್ತು. ಮೂರನೆಯ ಮಾಗಿಯಲ್ಲಿ ಒಂದು ದಿನ ನನ್ನನ್ನು ಕರೆದುಕೊಂಡು ಹೋಗಿ ತೋರಿಸಿದ.

"ಮೇಷ್ಟ್ರೇ, ಇದು ನಿಮ್ಮ ಕಣ್ಣಾಗೇ ಇರಲಿ. ನಾಲಿಗೆಗೆ ಬರಬಾರ್ದು."

ಹರೆಯದಲ್ಲಿ ಅವನು ಅಲ್ಲೇ ಮೀನಿಗೆಂದು ತೋಟೆ ಸಿಡಿಸಿದವನು. ಕಲ್ಲು ಒಡೆಯುವವರಿಂದ ಮದ್ದು ತಂದು ನೀರಿಗೆ ಎಸೆಯುವಷ್ಟರಲ್ಲಿ ಅದು ಕೈಯಲ್ಲೇ ಸಿಡಿದಿತ್ತು. ಊರಿಗೆಲ್ಲ ಗೊತ್ತಿದ್ದ ಸಂಗತಿ. ಅವನು ಮುಚ್ಚಿಡುತ್ತಲೂ ಇರಲಿಲ್ಲ.

ಅಷ್ಟರಲ್ಲಿ ನನಗೆ ಮದುವೆಯಾಗಿತ್ತು, ಜಗಳೂರು ಕಡೆಯ ಹುಡುಗಿ. ಮರುವರ್ಷದ ಸಂಕ್ರಾಂತಿಗೆ ಅವಳ ತಮ್ಮ ಶೇಂಗಾ ಚೀಲ ಹೊತ್ತು ಬಂದ. ಆ ಕಡೆ ನೀರೆಂದರೆ ಬಂಡೆ ಒಡೆದು ಬಾವಿಯಲ್ಲಿ ಹುಡುಕಬೇಕಾದದ್ದು. ಬಾವಿಗಳಿಗೆ ಮದ್ದು ಹೊಡೆಯುವುದೇ ಅವನ ಕೆಲಸ. ಹರಿಯುವ ಹೊಳೆ ನೋಡಿ ಮಗುವಿನ ಹಾಗೆ ಕುಣಿದ. ಅವನ ಮುಂದೆ ನನಗೂ ದೊಡ್ಡಸ್ತಿಕೆ ಬಂತು. ಸಂಜೆ ಮಡುವಿಗೆ ಕರೆದೊಯ್ದು, "ಈ ಬಂಡೆ ಕೆಳಗೆ ಎಷ್ಟು ಮೀನಿವೆ ಗೊತ್ತೇನೋ? ಇದು ಗೊತ್ತಿರೋದು ಇಡೀ ಊರಿಗೆ ಇಬ್ಬರಿಗೇ" ಎಂದು ಕೊಚ್ಚಿಕೊಂಡೆ. ಅವನ ಚೀಲದಲ್ಲಿ ಶೇಂಗಾದ ಅಡಿಯಲ್ಲಿ ಏನಿತ್ತೆಂದು ನನಗೆ ತಿಳಿದಿರಲಿಲ್ಲ. ಅವನ ಕೈಗೆ ಮದ್ದೆಂದರೆ ಬಡಗಿಗೆ ಉಳಿ ಇದ್ದ ಹಾಗೆ ಎಂಬುದು ನನಗೆ ಹೊಳೆಯಬೇಕಿತ್ತು.

ಮಾರನೆಯ ಬೆಳಿಗ್ಗೆ ಸ್ನಾನಕ್ಕೆಂದು ಹೊಳೆಗೆ ಹೋದ. ನಾನು ಕಾಫಿ ಕುಡಿಯುತ್ತಿದ್ದೆ. ಧಡ್ ಎಂದು ಒಂದು ಸದ್ದು, ಮನೆಯ ತಗಡು ಅದುರಿತು. ಕಲ್ಲು ಒಡೆಯುವವರ ಸದ್ದೆಂದು ಊರಿನವರು ತಲೆ ಕೆಡಿಸಿಕೊಳ್ಳಲಿಲ್ಲ, ನಾನು ಓಡಿದೆ. ಅವನು ಸೊಂಟದವರೆಗಿನ ನೀರಿನಲ್ಲಿ ನಿಂತು ಮುಖ ಸಪ್ಪೆ ಮಾಡಿಕೊಂಡಿದ್ದ.

"ಇಷ್ಟೇ ಏನು ಭಾವ? ಏಳೆಂಟು ತೇಲಿದ್ವು ಅಷ್ಟೇ. ಬಂಡೆ ಕೆಳಗೆ ರಾಶಿ ಮೀನೈತೆ ಅಂದಿದ್ರಲ್ಲ?"

ಕಪಾಳಕ್ಕೆ ಹೊಡೆದೆ. ಮಧ್ಯಾಹ್ನದ ಬಸ್ಸಿಗೆ ಅವನನ್ನು ಹತ್ತಿಸಿ ಬಂದು, ಏಳೆಂಟರಲ್ಲೇ ಮುಗಿಯಿತಲ್ಲ ಎಂದು ಸಮಾಧಾನ ಮಾಡಿಕೊಂಡೆ. ತಣ್ಣೀರಿನಲ್ಲಿ ಸತ್ತ ಮೀನು ತಕ್ಷಣ ತೇಲುವುದಿಲ್ಲ, ತಳಕ್ಕೆ ಇಳಿಯುತ್ತದೆ. ಅಜ್ಜ ನನಗೆ ಎಲ್ಲ ಕಲಿಸಿದ್ದ, ಇದೊಂದನ್ನು ಬಿಟ್ಟು. ಇದನ್ನು ಕಲಿಯುವ ಅಗತ್ಯ ನನಗೆ ಬರುತ್ತದೆಂದು ಅವನಾದರೂ ಹೇಗೆ ಎಣಿಸಿಯಾನು?

ಮೂರನೆಯ ದಿನ ಮಡು ಬೆಳ್ಳಗಾಯಿತು. ಗೆಂಡೆ, ಬಾಳೆಮೀನು, ನನ್ನ ತೋಳುದ್ದದವು, ಹೊಟ್ಟೆ ಮೇಲಾಗಿ ಒಂದಕ್ಕೊಂದು ತಾಗಿಕೊಂಡು ತೇಲಿದವು. ಒಂದೂ ತಿನ್ನುವಂತಿರಲಿಲ್ಲ. ದೋಣಿಯವರ ಹೆಂಗಸರು ದಡದಲ್ಲಿ ಕೂತು, ಮನೆಯಲ್ಲಿ ಹೆಣ ಬಿದ್ದ ಹಾಗೆ ಅತ್ತರು. ನಾತ ವಾರದವರೆಗೆ ಶಾಲೆಯೊಳಗೂ ಬರುತ್ತಿತ್ತು.

ಸಂಜೆ ಗಂಗಮ್ಮನ ಗುಡಿಯ ಕಟ್ಟೆಗೆ ಎಲ್ಲರೂ ಸೇರಿದರು. ಯಾರೋ ಹೊರಗಿನವನು ಚೀಲ ಹಿಡಿದು ಬಂಡೆಗಳ ಮೇಲೆ ಓಡಾಡಿದ್ದನ್ನು ದನ ಕಾಯುವವರು ದೂರದಿಂದ ಕಂಡಿದ್ದರು; ಹಬ್ಬದ ನೆಂಟರು ಮನೆಮನೆಯಲ್ಲೂ ಇದ್ದುದರಿಂದ ಯಾರೆಂದು ಗುರುತು ಸಿಕ್ಕಿರಲಿಲ್ಲ. ಎಸೆದವನು ಯಾರೋ, ಹೋದ. ಆದರೆ ಅವನಿಗೆ ಸರಿಯಾಗಿ ಅದೇ ಬಂಡೆ ತೋರಿಸಿಕೊಟ್ಟವರು ಯಾರು? ದೋಣಿಯವರ ಹಿರಿಯ ಈ ಮಾತು ಕೇಳಿದಾಗ ಎಲ್ಲರ ಕಣ್ಣೂ ಒಂದೇ ಕಡೆ ಹೋಯಿತು, ಅಜ್ಜನ ಬಲಗೈಯ ಕಡೆಗೆ. ನಾನು ಕಟ್ಟೆಯ ಮೇಲೆ, ಮೇಷ್ಟರಿಗೆಂದು ಹಾಸಿದ ಕಂಬಳಿಯ ಮೇಲೆ ಕೂತಿದ್ದೆ. ಅಜ್ಜ ನನ್ನನ್ನು ಒಂದು ಸಲ ನೋಡಿದ.

"ಹೂಂ ಕಣಪ್ಪ, ನಾನೇ ತೋರಿಸಿದ್ದು. ಬಾಯಿ ತಪ್ಪಿ ಹೇಳಿಬಿಟ್ಟೆ" ಎಂದ.

ಗಂಗಮ್ಮನ ಮುಂದೆ ತೀರ್ಮಾನವಾಯಿತು. ಈ ಯುಗಾದಿಯಲ್ಲ, ಬರುವ ವರ್ಷದ ಯುಗಾದಿ ಕರಿಯವರೆಗೆ, ಅವನ ಅಂಗಡಿಯಲ್ಲಿ ಯಾರೂ ನೀರು ಮುಟ್ಟುವಂತಿಲ್ಲ, ಅವನನ್ನು ದೋಣಿಗೆ ಹತ್ತಿಸುವಂತಿಲ್ಲ.

ಕತ್ತಲಾಗುವ ಮೊದಲೇ ಅವನ ಅಂಗಡಿಗೆ ಹೋದೆ. "ಅಜ್ಜ, ನಾನು ಹೋಗಿ ಹೇಳಿಬಿಡ್ತೀನಿ" ಎಂದೆ. ಅವನು ಒಲೆಯ ಬೂದಿ ತೆಗೆಯುತ್ತಿದ್ದ, ತಿರುಗಿ ನೋಡಲಿಲ್ಲ.

"ಸುಮ್ನಿರ್ರಿ. ದೋಣಿ ಮನೆ ಹುಡುಗ್ರು ಈ ವರ್ಷ ತಾನೇ ಸಾಲಿ ಮೆಟ್ಲು ಹತ್ಯಾವೆ. ಮೇಷ್ಟ್ರೇ ನಮ್ಮ ಅನ್ನ ಕಳೆದ್ರು ಅಂದ್ರೆ ನಾಳೆಯಿಂದ ಒಂದನ್ನಾದ್ರೂ ಕಳಸ್ತಾರೇನು? ನಂದೇನೈತಿ. ಈ ಕೈ ನೋಡಿದ್ರೆ ಯಾರಾದ್ರೂ ನಂಬ್ತಾರೆ."

ನಾನು ಅತ್ತೆ. ಆದರೆ ನಿಜ ಹೇಳುತ್ತೇನೆ, ಅಳುವಿನ ಅಡಿಯಲ್ಲಿ ಎದೆ ಹಗುರವಾಗಿತ್ತು. ಕೆಲಸ ಉಳಿಯಿತು, ಬಾಮೈದ ಪೊಲೀಸರ ಕೈಗೆ ಬೀಳಲಿಲ್ಲ. ಬಂಡೆ ತೋರಿಸಿದ್ದನ್ನಾದರೂ ನನಗೆ ನಾನು ಕ್ಷಮಿಸಿಕೊಂಡೇನು, ಆ ಹಗುರವನ್ನು ಕ್ಷಮಿಸಿಕೊಳ್ಳಲು ಇವತ್ತಿಗೂ ಆಗಿಲ್ಲ. ಹೆಂಡತಿ ಮೂರನೆಯ ದಿನ, "ಆ ಮುದುಕಪ್ಪನ ಮುಖ ಹೆಂಗೆ ನೋಡ್ತೀರಿ ನೀವು?" ಎಂದಷ್ಟೇ ಕೇಳಿದಳು.

ನೋಡಲಿಲ್ಲ. ಕಡವಿನ ದಾರಿ ಬಿಟ್ಟು ಮೇಲಿನ ದಾರಿ ಹಿಡಿದೆ. ಬೇಸಿಗೆಯ ಹೊತ್ತಿಗೆ ಅಂಗಡಿಯ ಒಲೆ ಆರಿತು. ನಾಲ್ಕು ಮನೆಗಳವರು ಹೊಟ್ಟೆಪಾಡಿಗೆ ಇಟ್ಟಿಗೆ ಭಟ್ಟಿಗೆ ಹೋದರು. ಅವರ ಮಕ್ಕಳು ಶಾಲೆಗೆ ಬರುವುದು ಹೇಗೂ ನಿಂತಿತು. ಅಜ್ಜನಿಗೆ ಹೆಂಡತಿ ಕದ್ದುಮುಚ್ಚಿ ರೊಟ್ಟಿ ಕಟ್ಟಿಕೊಡುತ್ತಿದ್ದಳು, ನಾನು ಗೊತ್ತಿಲ್ಲದವನ ಹಾಗೆ ಇರುತ್ತಿದ್ದೆ. ಅವನು ಮತ್ತೆ ಗಾಳ ಮುಟ್ಟಲಿಲ್ಲವಂತೆ.

ಮರುಮಾಗಿಯಲ್ಲಿ, ಯುಗಾದಿಗೆ ಇನ್ನೂ ಎರಡು ತಿಂಗಳಿರುವಾಗ, ಕೆಮ್ಮು ಹಿಡಿದು ನಾಲ್ಕೇ ದಿನದಲ್ಲಿ ಹೋಗಿಬಿಟ್ಟ. ಅವನ ಹೆಂಡತಿಯನ್ನು ಮಣ್ಣು ಮಾಡಿದ್ದು ಆಚೆ ದಡದಲ್ಲಿ. ಅವಳ ಪಕ್ಕದಲ್ಲೇ ಇಡಬೇಕೆಂದು ಎಲ್ಲರಿಗೂ ಹೇಳಿದ್ದ. ಹೆಣ ಕಡವಿಗೆ ಬಂತು. ದೋಣಿಯವರೆಲ್ಲ ನೆರೆದಿದ್ದರು, ಯಾರ ಕಣ್ಣೂ ಒಣಗಿರಲಿಲ್ಲ. ಆದರೆ ದೇವಿಯ ಮುಂದೆ ಆಡಿದ ಮಾತು. ದೋಣಿಗೆ ಹತ್ತಿಸುವಂತಿಲ್ಲ, ಗಾಡಿಯಲ್ಲಿ ಹೊನ್ನಾಳಿಯ ಸೇತುವೆ ಸುತ್ತಿ ಆಚೆ ದಡಕ್ಕೆ ಬರಬೇಕು, ಇಡೀ ದಿನದ ದಾರಿ.

ದೋಣಿಯವರ ಹಿರಿಯ ಹಗ್ಗ ಕೈಯಲ್ಲಿ ಹಿಡಿದು ನನ್ನ ಹತ್ತಿರ ಬಂದ.

"ಮೇಷ್ಟ್ರೇ, ನೀವು ಓದಿದೋರು, ಅಜ್ಜನ ಜೊತಿಗೆ ಕೂತೋರು. ಅವ ತೋರಿಸಿಲ್ಲ ಅಂತ ಒಂದು ಮಾತು ಅನ್ರಿ ಸಾಕು. ಈಗಲೇ ದೋಣಿ ಬಿಚ್ತೀನಿ."

ಸುತ್ತಲೂ ಎಲ್ಲರೂ ನನ್ನ ಬಾಯನ್ನೇ ನೋಡುತ್ತಿದ್ದರು. ಆಚೆ ದಡ ಕಣ್ಣಳತೆಯಲ್ಲಿತ್ತು. ನಾನು ತಲೆ ತಗ್ಗಿಸಿದೆ.

ಗಾಡಿ ಹೊನ್ನಾಳಿಯ ಕಡೆ ತಿರುಗಿತು. ಊರಿನವರ ಜೊತೆ ನಾನೂ ಹಿಂದೆ ನಡೆದೆ. ಹೊಳೆ ದಾರಿಯುದ್ದಕ್ಕೂ ಪಕ್ಕದಲ್ಲೇ ಹರಿಯುತ್ತಿತ್ತು. ಎಲ್ಲಿ ಬೇಕಾದರೂ ನಿಂತು ಹೇಳಬಹುದಿತ್ತು. ಸೇತುವೆ ದಾಟಿದೆವು, ಆಚೆ ದಡದಲ್ಲಿ ಅಷ್ಟೇ ದೂರ ಹಿಂದಕ್ಕೆ ನಡೆದೆವು, ಹೊತ್ತು ಮುಳುಗುವಾಗ ಮಣ್ಣು ಮಾಡಿದೆವು. ನಾನು ಹೇಳಬೇಕಿದ್ದದ್ದು ಇಷ್ಟೇ: ಅಜ್ಜ ತೋರಿಸಲಿಲ್ಲ, ನಾನು ತೋರಿಸಿದೆ.